ಹನುಮಣ್ಣ ಕೊಟ್ಟ ಶಹ

ಯಶವಂತನಗರದ ಗಣಿಯಲ್ಲಿ ಬಂಡೆಗೆ ಮದ್ದು ತುಂಬಿ ಸಿಡಿಸುವ ಮೊದಲು ಹನುಮಣ್ಣ ತಲೆ ಎಣಿಸುತ್ತಿದ್ದ. ಬೆಳಿಗ್ಗೆ ಮೂವತ್ನಾಲ್ಕು ಮಂದಿ ಕೆಳಗೆ ಇಳಿದಿದ್ದರೆ ಮೂವತ್ನಾಲ್ಕು ಮಂದಿ ಆಚೆ ಬಂದು ನಿಂತದ್ದನ್ನು ಅವನು ತನ್ನ ಕಣ್ಣಿಂದಲೇ ನೋಡಬೇಕು. ಅವನು ಬಂದ, ಇವನು ಬಂದ ಅಂತ ಯಾರೋ ಹೇಳಿದರೆ ಒಪ್ಪುತ್ತಿರಲಿಲ್ಲ. ಎಣಿಸಿ ಮುಗಿದ ಮೇಲೆ ಕೈ ಎತ್ತಿ ‘ಎಲ್ಲಾ ಸರಿ’ ಅನ್ನುತ್ತಿದ್ದ. ಅವನ ಬಾಯಿಂದ ಆ ಮಾತು ಬಂದ ಮೇಲೆಯೇ ಮದ್ದು ಸಿಡಿಯುತ್ತಿತ್ತು. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ. ಅವನು ಸರಿ ಅಂದ ಮೇಲೆ ಒಂದು ಜೀವವೂ ಹೋಗಲಿಲ್ಲ, ಒಬ್ಬರಿಗೂ ಕಲ್ಲು ತಾಗಲಿಲ್ಲ.

ಅವನು ಬಂಡ್ರಿಯವನು. ಅಪ್ಪ ಇಲ್ಲದ ಹುಡುಗ, ಕಮಲಾಪುರದಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದ. ಅಲ್ಲಿ ಬಾಳೆಗೊನೆ ಹೊರುವ ಮುದುಕರು ಲಾರಿ ಬರುವ ತನಕ ನೆಲದ ಮೇಲೆ ಇದ್ದಿಲಿನಿಂದ ಮನೆ ಬರೆದು ಚದುರಂಗ ಆಡುತ್ತಿದ್ದರಂತೆ. ನೋಡಿ ನೋಡಿ ಕಲಿತ. ಓದಿದ್ದು ನಾಲ್ಕನೇ ಇಯತ್ತೆ. ನಾನು ಓದಿದ್ದು ಮೂರನೆಯದು, ಕಂಪ್ಲಿಯಲ್ಲಿ. ಅದಕ್ಕೇ ಇದರಲ್ಲಿ ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು. ನಡೆದದ್ದನ್ನು ಮಾತ್ರ ನಾನು ತಪ್ಪಿ ಬರೆಯುವುದಿಲ್ಲ.

ಯಶವಂತನಗರದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಗಿರಣಿಯ ಮುಂದೆ ಒಂದು ಕಲ್ಲಿನ ಕಟ್ಟೆ. ನಮ್ಮ ಮನೆಯವರು ಆ ಕಟ್ಟೆಯ ಮೇಲೆ ಹಲಗೆ ಹಾಸಿ, ಕರೆಂಟು ಹೋದಾಗಲೆಲ್ಲ ಚದುರಂಗಕ್ಕೆ ಕೂರುತ್ತಿದ್ದರು. ಕರೆಂಟು ಬಂದರೆ ಆಟ ಅಲ್ಲಿಗೆ ನಿಲ್ಲಬೇಕು, ಅವರು ಎದ್ದು ಗಿರಣಿಗೆ ಹೋಗಬೇಕು. ಕಾಯಿ ಹೇಗಿದ್ದವೋ ಹಾಗೇ ಇರುತ್ತಿದ್ದವು. ಹಿಟ್ಟಿನ ಧೂಳು ಅವುಗಳ ಮೇಲೆ ಕೂರುತ್ತಿತ್ತು. ಮತ್ತೆ ಕರೆಂಟು ಹೋದರೆ ಉಫ್ ಅಂತ ಊದಿ ಮುಂದುವರಿಸುವುದು. ಹೀಗೆ ಒಂದೊಂದು ಆಟ ಎರಡು ದಿನ, ಮೂರು ದಿನ ನಡೆಯುತ್ತಿತ್ತು. ಗಣಿಯ ಪಾಳಿ ಮುಗಿಸಿ ಕೆಂಪು ಧೂಳು ಮೆತ್ತಿಕೊಂಡು ಹನುಮಣ್ಣ ಬರುತ್ತಿದ್ದ. ರಜೆಯ ದಿನ ಮುಂಜಾನೆಯೇ ಹಾಜರು.

“ಕರೆಂಟ್ ಹೋಗೇತೇನ್ರಿ ಸಾವ್ಕಾರ?” ಅಂತ ದೂರದಿಂದಲೇ ಕೂಗುತ್ತಿದ್ದ.

“ನೀ ಬರೋದು ಗೊತ್ತಾಗಿ ಹೆದರಿ ಓಡಿ ಹೋಗೇತಿ ನೋಡ್ಲೇ. ಬಾ, ಕುಂದ್ರು. ನಿನ್ನೆ ತಿಂದಿದ್ದು ಸಾಲ್ಲಿಲ್ಲೇನು?” ಅಂತ ಇವರು.

“ನಿನ್ನೆ ನಿಮ್ಮ ಎರಡೂ ಕುದುರಿ ತಿಂದೀನ್ರಿ. ಹೊಟ್ಟಿ ಇನ್ನೂ ಭಾರ ಐತಿ.”

ಇಬ್ಬರೂ ನಗುತ್ತಿದ್ದರು. ನಾನು ಒಳಬಾಗಿಲ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದೆ. ಚಹಾ ಮಾಡಿದರೆ ಇಬ್ಬರಿಗೂ ಕೊಡುತ್ತಿದ್ದೆ. ಹನುಮಣ್ಣನ ಲೋಟ ಬೇರೆ ಇತ್ತು. ಕಟ್ಟೆಯ ಪಕ್ಕದ ಗೋಡೆಯ ಗೂಡಿನಲ್ಲಿ ಅದನ್ನು ಬೋರಲು ಹಾಕಿ ಇಟ್ಟವಳು ನಾನೇ. ಅವನು ಕುಡಿದು, ತಾನೇ ತೊಳೆದು, ಮತ್ತೆ ಅಲ್ಲಿಯೇ ಬೋರಲು ಹಾಕುತ್ತಿದ್ದ. ಹಲಗೆಯ ಮೇಲೆ ಮಾತ್ರ ಅವನ ಕೈ ಇವರ ಕಾಯಿಯನ್ನು ಮುಟ್ಟುತ್ತಿತ್ತು, ಇವರ ಕೈ ಅವನದನ್ನು. ಅದನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ನಾನೂ ಆಗ ಅದರ ಬಗ್ಗೆ ಯೋಚನೆ ಮಾಡಿದವಳಲ್ಲ.

ಅವರು ಆಡುತ್ತಿದ್ದದ್ದು ಹಳೇ ಆಟ. ಈಗಿನ ಮಕ್ಕಳು ಶಾಲೆಯಲ್ಲಿ ಕಲಿಯುವ ಚೆಸ್ಸಿಗೂ ಅದಕ್ಕೂ ಸ್ವಲ್ಪ ವ್ಯತ್ಯಾಸ ಇದೆ. ನಮ್ಮ ಕಡೆಯ ಆಟದಲ್ಲಿ ರಾಜನಿಗೆ ಒಂದು ಜಿಗಿತ ಇರುತ್ತದೆ. ಇಡೀ ಆಟದಲ್ಲಿ ಒಂದೇ ಒಂದು ಸಲ ರಾಜ ಕುದುರೆಯ ಹಾಗೆ ಎಗರಬಹುದು. ಆದರೆ ಅದಕ್ಕೆ ಒಂದು ಕಟ್ಟು ಉಂಟು. ಎದುರಿನವನು ರಾಜನ ಮೇಲೆ ಏರಿ ಬಂದು ‘ಶಹ’ ಅಂದನೋ, ಅಲ್ಲಿಗೆ ಜಿಗಿತ ಹೋಯಿತು. ರಾಜ ಸರಿದು ತಪ್ಪಿಸಿಕೊಳ್ಳಲಿ, ಬೇರೆ ಕಾಯಿ ಅಡ್ಡ ಬರಲಿ, ಒಮ್ಮೆ ಶಹ ಬಿದ್ದ ರಾಜ ಮತ್ತೆ ಎಗರುವ ಹಾಗಿಲ್ಲ. ಇದನ್ನು ನನಗೆ ಯಾರೂ ಕೂರಿಸಿ ಹೇಳಿಕೊಡಲಿಲ್ಲ. ಇಪ್ಪತ್ತು ವರ್ಷ ಹೊಸ್ತಿಲ ಮೇಲೆ ಕೂತರೆ ಜೋಳದ ಕಲ್ಲಿನ ಜೊತೆ ಇದೂ ಕಣ್ಣಿಗೆ ಬೀಳುತ್ತದೆ.

ಏಳು ವರ್ಷದ ಹಿಂದೆ, ಶ್ರಾವಣ ಮುಗಿದ ಮೇಲಿನ ಒಂದು ಭಾನುವಾರ ಅದು ನಡೆಯಿತು.

ಮುಂಜಾನೆ ಒಂಬತ್ತಕ್ಕೆ ಕರೆಂಟು ಹೋಯಿತು. ಹೊಸ ಆಟ ಹೂಡಿದರು. ಹತ್ತೂವರೆಯ ಹೊತ್ತಿಗೆ ಹನುಮಣ್ಣ ಆನೆಯನ್ನು ಉದ್ದಕ್ಕೆ ಸರಿಸಿ ‘ಶಹ’ ಅಂದ. ಇವರು ಗಲ್ಲ ಕೆರೆದುಕೊಂಡು, ಒಂಟೆಯನ್ನು ತಂದು ಅಡ್ಡ ಇಟ್ಟರು. ಇಟ್ಟ ಕೈ ಇನ್ನೂ ಎತ್ತಿರಲಿಲ್ಲ, ಕರೆಂಟು ಬಂತು. ಬಂಡ್ರಿಯಿಂದ ಎರಡು ಚೀಲ ಜೋಳ ಹೊತ್ತು ತಂದ ಹೆಂಗಸರು ಕಾದು ಕೂತಿದ್ದರು. ಇವರು ಎದ್ದು ಹೋದರು. ಆವತ್ತು ಜೋಳ ಬಹಳ ಇತ್ತು, ಮೋಟಾರಿನ ಪಟ್ಟಿಯೂ ಒಮ್ಮೆ ಕಳಚಿತು. ತಿರುಗಿ ಬಂದು ಕಟ್ಟೆಯ ಮೇಲೆ ಕೂರುವಾಗ ಮಧ್ಯಾಹ್ನ ಎರಡಾಗಿತ್ತು. ಆಟ ಮುಂದುವರಿಯಿತು. ಇವರ ರಾಜ ಆ ಸಾಲು ಬಿಟ್ಟು ಸರಿದ ಮೇಲೆ, ಅಡ್ಡ ಇಟ್ಟ ಒಂಟೆಯನ್ನು ಹನುಮಣ್ಣನ ಆನೆ ಹೊಡೆಯಿತು, ಆ ಆನೆಯನ್ನು ಇವರು ಹೊಡೆದರು. ಮುಂಜಾನೆಯ ಶಹಕ್ಕೆ ಹಲಗೆಯ ಮೇಲೆ ಒಂದು ಗುರುತೂ ಉಳಿಯಲಿಲ್ಲ.

ಸಂಜೆ ಬಿಸಿಲು ಕಟ್ಟೆ ದಾಟುವ ಹೊತ್ತಿಗೆ ಹನುಮಣ್ಣನ ಹತ್ತಿರ ಮಂತ್ರಿ, ಮೂರು ಪ್ಯಾದೆ. ಇವರ ಹತ್ತಿರ ಒಂದು ಆನೆ, ನಾಲ್ಕು ಪ್ಯಾದೆ. ಇವರ ರಾಜ ಬಯಲಿಗೆ ಬಿದ್ದಿದ್ದ. ಸುತ್ತ ನಾಲ್ಕೈದು ಮಂದಿ ಲಾರಿಯವರು, ಗಣಿಯವರು ನಿಂತು ನೋಡುತ್ತಿದ್ದರು. ಇವರು ಬಹಳ ಹೊತ್ತು ಯೋಚಿಸಿ, ರಾಜನನ್ನು ಎತ್ತಿ, ಕುದುರೆಯ ಹಾಗೆ ಎಗರಿಸಿ ತಮ್ಮ ಪ್ಯಾದೆಗಳ ಹಿಂದೆ ಇಟ್ಟರು. ಹನುಮಣ್ಣ ಮೆಲ್ಲಗೆ ಕೈ ಅಡ್ಡ ಹಿಡಿದ.

“ಜಿಗಿತ ಇಲ್ರಿ ಸಾವ್ಕಾರ. ಮುಂಜಾನಿ ಶಹ ಬಿದ್ದೈತಿ.”

“ಯಾವಾಗ ಬಿತ್ತಲೇ?”

“ಕರೆಂಟ್ ಬರೋಕಿಂತ ಮುಂಚೆ. ನೀವು ಒಂಟೆ ಅಡ್ಡ ಇಟ್ರಿ.”

“ಅದು ನಿನ್ನೆ ಆಟದಾಗ. ಇವತ್ತು ನನ್ನ ರಾಜನ್ನ ಯಾರೂ ಮುಟ್ಟಿಲ್ಲ.”

“ಇಲ್ರಿ, ಇವತ್ತ. ಬೇಕಾರ ಅಮ್ಮಾರನ್ನ ಕೇಳ್ರಿ. ಅಲ್ಲೇ ಕುಂತಿದ್ರು.”

ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮ ಮನೆಯವರು ನಕ್ಕರು. “ಆಕಿಗೇನು ತಿಳೀತೈತಿ ಚದುರಂಗ? ಏನ, ತಿಳೀತೈತೇನು?” ಅಂದರು.

ನಾನು ಮೊರದಲ್ಲಿ ಮುಖ ಹಾಕಿ “ನಂಗ್ ತಿಳಿಯಂಗಿಲ್ರಿ” ಅಂದೆ.

ನನಗೆ ತಿಳಿದಿತ್ತು. ಒಂಟೆ ಇಟ್ಟ ಕೈಯನ್ನು ನಾನು ನೋಡಿದ್ದೆ. ಆ ಕೈಯಿಂದ ಒಂಟೆಯ ತಲೆಗೆ ಹಿಟ್ಟು ಮೆತ್ತಿದ್ದನ್ನೂ ನೋಡಿದ್ದೆ.

ನಮ್ಮ ಮನೆಯವರು ರಾಜನನ್ನು ಬೆರಳಿನಿಂದ ತಳ್ಳಿ ಉರುಳಿಸಿದರು. “ತಗೋ, ಗೆದ್ದಿ. ಸುಳ್ಳು ಹೇಳಿ ಗೆದ್ದಿ. ನೀ ಇಂಥಾವ ಅಂತ ಗೊತ್ತಿರಲಿಲ್ಲ ಹನುಮ” ಅಂದರು. ಕೂಗಿ ಅನ್ನಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು, ಸಿಟ್ಟು ಅಂತ ಬಿಡಬಹುದಿತ್ತು.

ಹನುಮಣ್ಣ ಎದ್ದ. ಗೂಡಿನ ಪಕ್ಕ ಅವನ ಲೋಟ ಇನ್ನೂ ತೊಳೆಯದೇ ಇತ್ತು. ಅದನ್ನು ತೊಳೆದು ಬೋರಲು ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಮತ್ತೆ ಆ ಕಟ್ಟೆಗೆ ಬರಲಿಲ್ಲ.

ಅದಾದ ಹನ್ನೆರಡನೇ ದಿನ ನಮ್ಮ ಮನೆಯವರು ಗಿರಣಿಯಲ್ಲಿ ಚೀಲ ಎತ್ತುತ್ತಿದ್ದವರು ಹಾಗೇ ಕುಸಿದರು. ಸಂಡೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಎದೆ ನಿಂತಿತ್ತು. ಮಣ್ಣು ಮಾಡುವಾಗ ಹನುಮಣ್ಣ ಬಂದು ದೂರ ನಿಂತಿದ್ದ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಒಂದು ಹಿಡಿ ಮಣ್ಣು ಹಾಕಿ ಹೋದನಂತೆ. ಇದನ್ನು ಅವನ ಹೆಂಡತಿ ಯಮನಮ್ಮ ನನಗೆ ಆಮೇಲೆ ಹೇಳಿದಳು.

ಆಕೆಯೇ ಇನ್ನೊಂದು ಮಾತನ್ನೂ ಹೇಳಿದಳು. ಗಣಿಯಲ್ಲಿ ಹುಡುಗರು ಅವನನ್ನು ಚುಡಾಯಿಸಲು ಶುರು ಮಾಡಿದ್ದರು. “ಏ ಹನುಮಣ್ಣ, ಎಣಿಸಿದ್ದು ಖರೇನೋ, ಚದುರಂಗದ ಲೆಕ್ಕಾನೋ?” ಅವರಿಗೆ ಅದು ತಮಾಷೆ. ಅವನು ಮಾತ್ರ ಅವತ್ತಿನಿಂದ ತಲೆಗಳನ್ನು ಎರಡು ಸಲ ಎಣಿಸತೊಡಗಿದ. ಆಮೇಲೆ ಮೂರು ಸಲ. ಮೂರು ಸಲ ಎಣಿಸಿದರೂ ಕೈ ಮೇಲೇಳುತ್ತಿರಲಿಲ್ಲ. ‘ಎಲ್ಲಾ ಸರಿ’ ಅನ್ನುವ ಮಾತು ಬಾಯಿಗೆ ಬಂದು ನಿಲ್ಲುತ್ತಿತ್ತು. ಕೆಳಗೆ ಮದ್ದು ತುಂಬಿಟ್ಟು ಮೇಲೆ ಎಲ್ಲರೂ ಅವನ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಒಂದು ದಿನ ಅವನೇ ಮೇಲಿನವರ ಹತ್ತಿರ ಹೋಗಿ, “ನನ್ನ ಮಾತಿನ ಮ್ಯಾಲ ನಂಗ ನಂಬಿಕಿ ಇಲ್ರಿ, ಬ್ಯಾರೇದವ್ರನ್ನ ನೋಡ್ಕೊಳ್ರಿ” ಅಂದು ಕೆಲಸ ಬಿಟ್ಟ.

ಇಷ್ಟು ಕೇಳಿಯೂ ನಾನು ಬಾಯಿ ಬಿಡಲಿಲ್ಲ. ಗಿರಣಿಯನ್ನು ನಮ್ಮ ದೂರದ ಸಂಬಂಧಿ ಈಶ್ವರನಿಗೆ ಬಿಟ್ಟು, ಹೊಸಪೇಟೆಗೆ ಮಗಳು ಸುಮಂಗಲಾಳ ಮನೆಗೆ ಬಂದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಒಬ್ಬ ಹುಡುಗಿ ಮನೆ ಹುಡುಕಿಕೊಂಡು ಬಂದಳು. ಹನುಮಣ್ಣನ ಮಗಳು ಭವ್ಯ. ಇಲ್ಲೇ ಹೊಸಪೇಟೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಯಮನಮ್ಮ ಹೋಗಿ ಎರಡು ವರ್ಷವಾಗಿದೆ. ಅಪ್ಪನ ಎದೆಯಲ್ಲಿ ಗಣಿಯ ಧೂಳು ಕೂತಿದೆ, ಔಷಧಿಗೆಂದು ಇಲ್ಲಿಗೇ ಕರೆದುಕೊಂಡು ಬಂದಿದ್ದಾಳೆ. ಮನೆ ನಮ್ಮಿಂದ ಎರಡೇ ಓಣಿ ಆಚೆ.

“ಅಜ್ಜಿ, ಅಪ್ಪ ನಿಮ್ಮನ್ನ ಕರ್ಕೊಂಡು ಬಾ ಅಂದಾರ. ಸಾವ್ಕಾರ್ರ ಜೋಡಿ ಆಡಿದ ಕಡೀ ಆಟಾನ ಕಂಪ್ಯೂಟರಿನಾಗ ನೋಡಸ್ತೀವಿ. ಸಾವ್ಕಾರ್ರ ಕಡಿಯಿಂದ ಒಬ್ಬರು ಇರಬೇಕಂತ. ಇಲ್ಲಾಂದ್ರ ನ್ಯಾಯ ಅಲ್ಲಂತ” ಅಂದಳು.

ಹೋದೆ. ಹನುಮಣ್ಣ ಅರ್ಧ ಆಗಿದ್ದ. ಗೋಡೆಗೆ ದಿಂಬು ಒರಗಿಸಿ ಕೂತಿದ್ದವನು ನನ್ನನ್ನು ನೋಡಿ ಏಳಲು ಹೋದ, ಕೆಮ್ಮು ಬಂದು ಕೂತ. “ಬರ್ರಿ ಅಮ್ಮಾರ. ಆ ಕಡೆ ಕುರ್ಚಿ ಮ್ಯಾಲ ಕುಂದ್ರಿ. ಅದು ಸಾವ್ಕಾರ್ರ ಕಡಿ” ಅಂದ.

ಮೇಜಿನ ಮೇಲೆ ಹಲಗೆ ಹಾಸಿ, ಕಾಯಿ ಇಟ್ಟಿದ್ದ. ಏಳು ವರ್ಷದ ಹಿಂದಿನ ಆ ಸಂಜೆ ಹೇಗಿತ್ತೋ ಹಾಗೇ. ನಾನು ಒಂದೊಂದನ್ನೂ ನೋಡಿದೆ. ಒಂದು ಪ್ಯಾದೆಯೂ ತಪ್ಪಿರಲಿಲ್ಲ.

“ಇದನ್ನ ಯಾಕ ನೋಡಸ್ತಿ ಹನುಮಣ್ಣ? ಆಗಿದ್ದಾತು” ಅಂದೆ.

ಅವನು ಉಸಿರು ಕೂಡಿಸಿಕೊಂಡು ಹೇಳಿದ. “ನಾ ಶಹ ಅಂದಿದ್ದೆ ಅಂತ ಅವತ್ತು ನಂಗ ಗಟ್ಟಿ ನೆನಪಿತ್ರಿ. ಈಗ ಇಲ್ಲ. ದಿನಾ ನೆನಸಿ ನೆನಸಿ ಸವದು ಹೋಗೇತಿ. ಅವ್ರ ಮಾತ ಖರೇ ಇರಬಹುದು, ಅದು ಹಿಂದಿನ ದಿನದ ಆಟ ಇರಬಹುದು. ಅದಕ್ಕ ಒಂದ ದಾರಿ ಉಳದೈತಿ. ರಾಜ ಎಗರಿದ್ರೂ ಅವ್ರು ಸೋಲ್ತಿದ್ರು ಅಂತ ಈ ಮಷೀನ್ ಹೇಳಿದ್ರ, ನಾ ತಪ್ಪು ಅಂದಿದ್ರೂ ಅವ್ರಿಗೆ ಅನ್ಯಾಯ ಆಗ್ಲಿಲ್ಲ ಅಂತ ಆಕ್ಕೈತಿ. ಅಷ್ಟಾದ್ರ ಸಾಕ್ರಿ. ಸಮಾಧಾನದಾಗ ಹೋಗ್ತೀನಿ.”

ಭವ್ಯ ಕಂಪ್ಯೂಟರ್ ತೆರೆದಳು. ಚೆಸ್ ಯೋಚನೆ ಮಾಡುವ ಎಂಜಿನ್ ಎರಡು ಇವೆ ಅಂದಳು. ಒಂದೇ ಪರದೆಯ ಮೇಲೆ ಪಕ್ಕ ಪಕ್ಕ ಇಟ್ಟಳು. ಮೊದಲನೆಯದು ಒಂದು ಕ್ಷಣಕ್ಕೆ ಲಕ್ಷಗಟ್ಟಲೆ ನಡೆ ಲೆಕ್ಕ ಹಾಕುತ್ತದಂತೆ, ಯಾವ ದಾರಿಯನ್ನೂ ಬಿಡುವುದಿಲ್ಲ. ಎರಡನೆಯದು ಅಷ್ಟು ನೋಡುವುದಿಲ್ಲ. ತನ್ನ ಜೊತೆ ತಾನೇ ಕೋಟಿಗಟ್ಟಲೆ ಆಟ ಆಡಿ ಕಲಿತದ್ದು, ಸ್ವಲ್ಪವೇ ನೋಡಿ ಇದು ಹೀಗೆ ಅನ್ನುತ್ತದೆ. ನನಗೆ ಗಿರಣಿಯ ಮಾತಿನಲ್ಲಿ ಅರ್ಥವಾಯಿತು. ಒಬ್ಬ ಹಿಟ್ಟನ್ನೆಲ್ಲ ಜರಡಿ ಹಿಡಿದು ನೋಡುತ್ತಾನೆ. ಇನ್ನೊಬ್ಬ ಎರಡು ಬೆರಳಲ್ಲಿ ಒಂದು ಚಿಟಿಕೆ ತಿಕ್ಕಿ, ಕಲ್ಲು ಬಿಗಿ ಮಾಡಬೇಕು ಅನ್ನುತ್ತಾನೆ. ನಮ್ಮ ಮನೆಯವರು ಎರಡನೆಯ ತರದವರು.

ಮೊದಲು ಜಿಗಿತ ಇಲ್ಲದ ಹಾಗೆ ಕೇಳಿದರು. ಎರಡೂ ಒಂದೇ ಮಾತು ಹೇಳಿದವು. ಹನ್ನೊಂದು ನಡೆಯಲ್ಲಿ ರಾಜ ಬಿದ್ದ. ಮೊದಲನೆಯದು ಕಣ್ಣು ಮಿಟುಕಿಸುವುದರಲ್ಲಿ ಹೇಳಿತು, ಎರಡನೆಯದಕ್ಕೆ ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು.

ಆಮೇಲೆ ಭವ್ಯ ರಾಜನನ್ನು ಕುದುರೆಯ ಹಾಗೆ ಎಗರಿಸಲು ಹೋದಳು. ಪರದೆಯ ಮೇಲೆ ರಾಜ ಹೋದ ಹಾಗೆ ಮಾಡಿ, ತಿರುಗಿ ಬಂದು ತನ್ನ ಮನೆಯಲ್ಲೇ ಕೂತ. ಮತ್ತೆ ಎಳೆದಳು. ಮತ್ತೆ ವಾಪಸ್ಸು.

“ಏನಾತು?” ಅಂದೆ.

“ಇದಕ್ಕ ಈ ಜಿಗಿತ ಗೊತ್ತಿಲ್ಲ ಅಜ್ಜಿ. ತಪ್ಪು ನಡೆ ಅಂತೈತಿ.”

ಹನುಮಣ್ಣ ಕೆಮ್ಮಿನ ನಡುವೆಯೇ ನಕ್ಕ. “ಇಷ್ಟ್ ದೊಡ್ಡ ಶಾಣ್ಯಾ, ನಮ್ಮೂರ ಆಟಾನ ಬರಂಗಿಲ್ಲಲ್ಲವಾ ಇದಕ್ಕ! ಕಮಲಾಪುರದ ಗೊನಿ ಹೊರೋರ ಹಂತ್ಯಾಕ ಕಳಸ್ಬೇಕಾತು ಕಲಿಯಾಕ.”

ಭವ್ಯ ಬೇರೆ ಉಪಾಯ ಮಾಡಿದಳು. ರಾಜ ಆಗಲೇ ಎಗರಿ ಪ್ಯಾದೆಗಳ ಹಿಂದೆ ಕೂತಿರುವ ಹಾಗೆ ಕಾಯಿಗಳನ್ನು ಹೊಸದಾಗಿ ಜೋಡಿಸಿ, ಈಗ ಹನುಮಣ್ಣನ ಸರದಿ, ಹೇಳಿ ಅಂತ ಎರಡಕ್ಕೂ ಕೊಟ್ಟಳು.

ಈಗ ಎರಡೂ ಬೇರೆ ಬೇರೆ ಮಾತಾಡಿದವು. ಮೊದಲನೆಯದು, ಮಂತ್ರಿಯ ಕಡೆಗೆ ನಾಲ್ಕು ಪ್ಯಾದೆಯಷ್ಟು ಮೇಲುಗೈ, ಗೆಲುವು ಅವನದೇ ಅನ್ನುವ ಹಾಗೆ ಅಂಕಿ ತೋರಿಸಿತು. ಎರಡನೆಯದು ಒಂದು ಪ್ಯಾದೆಯಷ್ಟೂ ಇಲ್ಲ ಅಂದಿತು. ಹನುಮಣ್ಣ ಮೊದಲನೆಯದನ್ನೇ ನೋಡುತ್ತಾ ಕೂತ. ಅವನ ಕಣ್ಣಲ್ಲಿ ಬೆಳಕು ಬಂತು. “ನಾಕಂತ ನೋಡ್ರಿ ಅಮ್ಮಾರ, ನಾಕು” ಅಂದ.

“ಆತುರ ಬ್ಯಾಡಪಾ. ಇನ್ನೂ ಆಳಕ್ಕ ಹೋಗ್ಲಿ” ಅಂದಳು ಭವ್ಯ.

ಮಧ್ಯಾಹ್ನ ಪೂರ್ತಿ ಅವನ್ನು ಯೋಚನೆಗೆ ಬಿಟ್ಟಳು. ನಾವು ಮೂವರೂ ಪರದೆ ನೋಡುತ್ತಾ ಕೂತೆವು. ಎರಡನೆಯದರ ಅಂಕಿ ಇಳಿದು ಇಳಿದು ಸೊನ್ನೆಗೆ ಬಂದು ನಿಂತಿತು. ಮೊದಲನೆಯದರ ನಾಲ್ಕು ಮಾತ್ರ ನಾಲ್ಕಾಗಿಯೇ ಇತ್ತು. ಏರಲೂ ಇಲ್ಲ, ಇಳಿಯಲೂ ಇಲ್ಲ. ಅದು ಹೇಳುವ ನಡೆಗಳಲ್ಲಿ ಮಂತ್ರಿ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿತ್ತು, ಒಳಗೆ ಹೋಗುವ ಬಾಗಿಲು ಸಿಗುತ್ತಿರಲಿಲ್ಲ. ರಾಜ ಮೂಲೆಯಲ್ಲಿ, ಅವನ ಮುಂದೆ ಪ್ಯಾದೆ, ಪ್ಯಾದೆ ಕಾಯುವ ಮನೆಯಲ್ಲಿ ಆನೆ. ಸಣ್ಣ ಕೋಟೆ. “ಗೆಲುವು ಐತಿ ಅಂತೈತಿ, ಆದ್ರ ಗೆಲ್ಲೋದು ಹೆಂಗಂತ ಅದಕ್ಕೂ ಗೊತ್ತಿಲ್ಲ. ಮಂತ್ರಿ ದೊಡ್ಡದು, ಆನೆ ಸಣ್ಣದು ಅಂತ ತೂಕ ಹಾಕ್ತೈತಿ ಅಷ್ಟ” ಅಂದಳು ಭವ್ಯ.

ಕೊನೆಗೆ ಎರಡನ್ನೂ ಎದುರು ಬದುರು ಕೂರಿಸಿ, ಇದೇ ಇಕ್ಕಟ್ಟಿನಿಂದ ಇಪ್ಪತ್ತು ಆಟ ಆಡಿಸಿದಳು. ಹತ್ತರಲ್ಲಿ ಮಂತ್ರಿ ಮೊದಲನೆಯದಕ್ಕೆ, ಹತ್ತರಲ್ಲಿ ಎರಡನೆಯದಕ್ಕೆ. ಇಪ್ಪತ್ತೂ ಆಟ ಸಮ ಸಮ. ಆ ಕೋಟೆಯನ್ನು ಯಾವುದೂ ಒಡೆಯಲಿಲ್ಲ.

ನಮ್ಮ ಮನೆಯವರು ಆವತ್ತು ಅಷ್ಟು ಹೊತ್ತು ಯೋಚಿಸಿ ಎಗರಿಸಿದ್ದು ಸುಮ್ಮನೆ ಅಲ್ಲ. ಅವರು ಅದನ್ನು ಕಂಡಿದ್ದರು. ನನಗೆ ಒಂದು ಗಳಿಗೆ ಹೆಮ್ಮೆಯಾಯಿತು. ತಿರುಗಿ ಹನುಮಣ್ಣನ ಮುಖ ನೋಡಿದೆ, ಹೆಮ್ಮೆ ಸತ್ತುಹೋಯಿತು.

ಅವನು ಹಲಗೆಯ ಮೇಲಿನ ತನ್ನ ಮಂತ್ರಿಯನ್ನು ತೆಗೆದು ಪಕ್ಕಕ್ಕೆ ಇಟ್ಟ. “ಹಂಗಾದ್ರ ನಾ ಕಿತ್ಕೊಂಡಿದ್ದ ಖರೇ” ಅಂದ. “ಉಳೀತಿದ್ರು ಅವ್ರು. ನಾ ಕೈ ಅಡ್ಡ ಹಿಡದೆ.”

“ಅಪ್ಪಾ, ಶಹ ಬಿದ್ದಿದ್ರ ಕೈ ಅಡ್ಡ ಹಿಡದಿದ್ದು ಸರಿನ ಅಲ್ಲೇನು?” ಅಂದಳು ಮಗಳು.

“ಬಿದ್ದಿತ್ತೋ ಇಲ್ಲೋ, ಅದನ್ನ ಕೇಳು ನಿನ್ನ ಮಷೀನಿಗೆ.”

ಅವಳು ತಲೆ ತಗ್ಗಿಸಿದಳು. “ಈಗ ಹಲಗಿ ಮ್ಯಾಲ ಏನೈತಿ ಅಷ್ಟ ಅದಕ್ಕ ಕಾಣ್ತೈತಿ. ಮುಂಜಾನಿ ಏನಾಗಿತ್ತು ಅಂತ ಎರಡರಾಗ ಯಾವುದಕ್ಕೂ ಗೊತ್ತಿಲ್ಲಪಾ.”

ಮುಂಜಾನೆ ಏನಾಗಿತ್ತು ಅಂತ ಬಲ್ಲವಳು ಎದುರಿನ ಕುರ್ಚಿಯಲ್ಲಿ ಕೂತಿದ್ದೆ. ಆಗಲೂ ನನ್ನ ಬಾಯಿ ತೆರೆಯಲಿಲ್ಲ. “ಹೊತ್ತಾತು, ಬರ್ತೀನಿ” ಅಂತ ಎದ್ದು ಬಂದೆ.

ಎರಡು ದಿನ ಮನೆಯಲ್ಲಿ ಕೂತೆ. ಊಟ ಸೇರಲಿಲ್ಲ. ಸುಮಂಗಲಾ ಏನಾಯಿತವ್ವಾ ಅಂತ ಕೇಳಿದಳು, ಹೇಳಲಿಲ್ಲ. ಸತ್ತವರನ್ನು ತಪ್ಪಿತಸ್ಥರನ್ನಾಗಿ ಮಾಡುವುದು ಹೇಗೆ? ಅವರು ಎದ್ದು ಬಂದು, ನಾ ಮರ್ತಿದ್ದೆ ನೋಡು ಅಂತ ಹೇಳಲಾರರು. ಅವರ ಪರವಾಗಿ ಮಾತಾಡಲು ಇರುವವಳು ನಾನೊಬ್ಬಳೇ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಮೂರನೇ ದಿನ ಅದೆಲ್ಲ ನೆಪ ಅನ್ನಿಸಿತು. ಹನುಮಣ್ಣನ ಪರವಾಗಿ ಮಾತಾಡಲು ಇರುವವಳೂ ನಾನೊಬ್ಬಳೇ. ಬಾಯಿ ಮುಚ್ಚಿಕೊಂಡು ಒಬ್ಬರನ್ನು ಕಾಯಲು ಹೋಗಿ ಇನ್ನೊಬ್ಬರ ಕೆಲಸ ಕಳೆದೆ, ನಿದ್ದೆ ಕಳೆದೆ.

ಚಪ್ಪಲಿ ಮೆಟ್ಟಿ ನಡೆದು ಹೋದೆ. ಭವ್ಯ ಕಾಲೇಜಿಗೆ ಹೊರಟಿದ್ದವಳು ನನ್ನ ಮುಖ ನೋಡಿ ನಿಂತಳು.

“ಹನುಮಣ್ಣ, ನೀ ಶಹ ಅಂದಿದ್ದಿ” ಅಂದೆ. “ಅವತ್ತ ಮುಂಜಾನಿ. ನಾ ನೋಡೀನಿ, ಕೇಳೀನಿ.”

ಅವನು ತಲೆ ಎಣಿಸುವವನ ಹಾಗೆ ಒಂದೊಂದಾಗಿ ಕೇಳಿದ.

“ಯಾವ ಕಾಯಿಂದ ಶಹ ಅಂದೆ?”

“ಆನೆ. ಉದ್ದಕ್ಕ ಸರಿಸಿದಿ.”

“ಅವ್ರು?”

“ಒಂಟೆ ಅಡ್ಡ ಇಟ್ರು. ಅವ್ರ ಕೈಯಾಗ ಹಿಟ್ಟಿತ್ತು, ಒಂಟೆ ತಲಿಗೆ ಮೆತ್ತಿತು.”

“ಅದು ಹಿಂದಿನ ದಿನ ಅಲ್ಲ ಅಂತ ಹೆಂಗ ಹೇಳ್ತೀರಿ?”

“ಹಿಂದಿನ ದಿನ ಬಂಡ್ರಿ ಹೆಂಗಸ್ರು ಬಂದಿರಲಿಲ್ಲ. ಒಂಟೆ ಇಟ್ಟ ಕೂಡ್ಲೇ ಕರೆಂಟ್ ಬಂತು. ‘ಬಂತು ಏಳ್ರೀ’ ಅಂತ ಆ ಹೆಂಗಸ್ರ ಕೂಗಿದ್ರು. ಅವತ್ತ ಪಟ್ಟಿ ಕಳಚಿತ್ತು. ಅದನ್ನ ಹಾಕಾಕ ನೀನ ಒಳಗ ಬಂದು ಕೈ ಹಚ್ಚಿದ್ದಿ.”

ಅವನು ಕಣ್ಣು ಮುಚ್ಚಿದ. “ಹೌದ್ರಿ. ಪಟ್ಟಿ ಹಾಕಿದ್ದೆ. ಅದು ಭಾನುವಾರ. ಆ ಪಟ್ಟಿ ನೆನಪು ಹೋಗಿತ್ತು ನೋಡ್ರಿ” ಅಂದ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

ಮಾತಾಡಿದವಳು ಭವ್ಯ. “ಏಳು ವರ್ಷ ಅಜ್ಜಿ. ಅಪ್ಪ ಕೆಲಸ ಬಿಟ್ರು. ನಮ್ಮವ್ವ ಇದನ್ನ ಕೇಳದಂಗ ಹೋದಳು. ಅವತ್ತ ಯಾಕ ಅನ್ನಲಿಲ್ಲ?”

ಅವಳಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. “ಅವ್ರು ನನ್ನ ಮನಿಯವ್ರು. ನಿಮ್ಮಪ್ಪನ ಲೋಟ ಗೂಡಿನಾಗಿತ್ತು. ಗೂಡಿನಾಗಿನ ಲೋಟದವನ ಮಾತು ಖರೇ, ನನ್ನ ಗಂಡನ ಮಾತು ತಪ್ಪು ಅಂತ ನಾಕು ಮಂದಿ ಮುಂದ ಅನ್ನಾಕ ನನಗ ಆಗ್ಲಿಲ್ಲವಾ” ಅಂದೆ.

ಅವಳು ಪರವಾಗಿಲ್ಲ ಅಂತ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಹನುಮಣ್ಣ ಕಣ್ಣು ತೆರೆದ. “ಅಮ್ಮಾರ, ನಂಗೊಬ್ಬಂಗ ಹೇಳಿದ್ರ ಸಾಲಂಗಿಲ್ರಿ. ಅವ್ರು ಅಂದಿದ್ದು ಕಟ್ಟಿ ಮ್ಯಾಲ. ನೀವೂ ಕಟ್ಟಿ ಮ್ಯಾಲ ಅನ್ರಿ” ಅಂದ. ಸ್ವಲ್ಪ ತಡೆದು, “ಆದ್ರ ಅವ್ರನ್ನ ಸುಳ್ಳ ಅನಬ್ಯಾಡ್ರಿ. ಸಾವ್ಕಾರ ಸುಳ್ಳು ಹೇಳೋರಲ್ಲ. ಮರ್ತಿದ್ರು. ಮರ್ತಿದ್ರು ಅಂತ ಅನ್ರಿ” ಅಂದ.

ಮುಂದಿನ ಭಾನುವಾರ ಭವ್ಯ ಕಾರು ಮಾಡಿಕೊಂಡು ಇಬ್ಬರನ್ನೂ ಯಶವಂತನಗರಕ್ಕೆ ಕರೆದೊಯ್ದಳು. ದಾರಿಯ ಗಿಡದ ಎಲೆಗಳೆಲ್ಲ ಮೊದಲಿನ ಹಾಗೆಯೇ ಕೆಂಪಗಿದ್ದವು. ಗಿರಣಿ ಓಡುತ್ತಿತ್ತು. ಕಟ್ಟೆಯ ಮೇಲೆ ಲಾರಿ ಹುಡುಗರು ಕೂತು ಫೋನು ನೋಡುತ್ತಿದ್ದರು. ಗೋಡೆಯ ಗೂಡು ಖಾಲಿ ಇತ್ತು. ಹನುಮಣ್ಣ ಹೋಗಿ ತನ್ನ ಹಳೇ ಜಾಗದಲ್ಲಿ ಕೂತ. ನಾನು ಹೊಸ್ತಿಲ ಕಡೆ ಹೋದವಳು ತಿರುಗಿ ಬಂದು, ಎದುರಿಗೆ, ನಮ್ಮ ಮನೆಯವರು ಕೂರುತ್ತಿದ್ದಲ್ಲಿ ಕೂತೆ.

ಈಶ್ವರ ಹೊರಗೆ ಬಂದ. ಅವನಿಗೆ ಕಾಲಿಗೆ ಬೀಳುವ ಆತುರ. ನಾನು ತಡೆದು, “ಒಂದು ಮಾತು ಹೇಳಾಕ ಬಂದೀನಿ. ಮಂದಿ ಕೇಳಬೇಕು” ಅಂದೆ. ಗಿರಣಿಯ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಅವನು ನನ್ನ ಮುಖ, ಹನುಮಣ್ಣನ ಮುಖ ನೋಡಿ ಒಳಗೆ ಹೋಗಿ ಮೋಟಾರು ಬಂದ್ ಮಾಡಿದ. ಕರೆಂಟು ಇರುವಾಗ ಒಂದು ಮಾತಿಗೋಸ್ಕರ ಆ ಗಿರಣಿ ನಿಂತದ್ದನ್ನು ನಾನು ಅಂದೇ ನೋಡಿದ್ದು. ಹಿಟ್ಟಿಗೆ ಕಾದಿದ್ದ ಹೆಂಗಸರು ಯಾಕೆ ನಿಂತಿತು ಅಂತ ಹೊರಗೆ ಬಂದರು. ಆಚೆಯ ಚಹಾದಂಗಡಿಯಿಂದ ಇಬ್ಬರು ಮುದುಕರು ಬಂದರು. ಆವತ್ತು ನಿಂತು ನೋಡಿದವರಲ್ಲಿ ಈಗ ಅಲ್ಲಿದ್ದವರು ಅವರಿಬ್ಬರೇ.

ನಾನು ಹೇಳಿದೆ. ಆವತ್ತು ಈ ಕಟ್ಟೆಯ ಮೇಲೆ ಹನುಮಣ್ಣ ಶಹ ಕೊಟ್ಟದ್ದು ನಿಜ. ನಮ್ಮ ಮನೆಯವರು ಮರೆತಿದ್ದರು. ಮರೆತು ಅವನನ್ನು ಸುಳ್ಳ ಅಂದರು. ನಾನು ಕಂಡಿದ್ದೆ, ಕಂಡೂ ತಿಳಿಯುವುದಿಲ್ಲ ಅಂದೆ. ಸುಳ್ಳು ಹೇಳಿದವಳು ನಾನು.

ಮುದುಕರು ತಲೆ ಆಡಿಸಿದರು. ಲಾರಿ ಹುಡುಗನೊಬ್ಬ ಪಕ್ಕದವನಿಗೆ, “ಚೆಸ್ ಆಟಕ್ಕ ಇಷ್ಟೆಲ್ಲಾನಾ? ನಾ ಆಸ್ತಿ ಜಗಳ ಅಂತ ಎದ್ದು ಬಂದೆ” ಅಂತ ಪಿಸುಗುಟ್ಟಿದ. ಆಮೇಲೆ ನನ್ನನ್ನೇ ಕೇಳಿದ. “ಅಜ್ಜಿ, ನಮ್ಮ ಮನಿಯವ್ರು, ನಮ್ಮ ಮನಿಯವ್ರು ಅಂತೀರಲ್ಲ, ಯಾರವ್ರು? ಯಾರು ಮರ್ತಿದ್ದು?”

ಅವನದು ತಪ್ಪಲ್ಲ. ಈಗಿನವರಿಗೆ ಗೊತ್ತಿಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ತಡೆದು ನಿಲ್ಲಿಸಿ ಗಂಡನ ಹೆಸರಿಗೆ ಒಡಪು ಹಾಕಿಸಿದಾಗ ಒಂದು ಸಲ ಹೇಳಿದ ಹೆಸರು. ಆಮೇಲೆ ಐವತ್ತೆರಡು ವರ್ಷ ನನ್ನ ಬಾಯಲ್ಲಿ ಬಂದಿಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಮಗಳ ಕಡೆ ಕೈ ತೋರಿಸಿದವಳು. ಈಶ್ವರ ನನ್ನ ಬದಲು ಹೇಳಲು ಬಾಯಿ ತೆರೆದ. ನಾನು ಕೈ ಅಡ್ಡ ಹಿಡಿದೆ.

“ಕೊಟ್ರಬಸಪ್ಪ” ಅಂದೆ. “ಈ ಗಿರಣಿ ಕೊಟ್ರಬಸಪ್ಪನವರು. ನನ್ನ ಗಂಡ. ಅವರು ಮರ್ತಿದ್ರು. ಹನುಮಣ್ಣಂದು ಖರೇ.”

ಈಶ್ವರ ಒಳಗೆ ಹೋಗಿ ಮೋಟಾರಿನ ಗುಂಡಿಯ ಮೇಲೆ ಕೈ ಇಟ್ಟು, ಶುರು ಮಾಡಲೇ ಅನ್ನುವ ಹಾಗೆ ಹೊರಗೆ ನೋಡಿದ. ನನ್ನನ್ನಲ್ಲ, ಹನುಮಣ್ಣನನ್ನು. ಹನುಮಣ್ಣ ಕಟ್ಟೆ ಹಿಡಿದು ಎದ್ದು ನಿಂತ. ಸುತ್ತ ನಿಂತವರ ತಲೆಗಳ ಮೇಲೆ ಅವನ ಕಣ್ಣು ಈ ತುದಿಯಿಂದ ಆ ತುದಿಗೆ ಹೋಯಿತು. ಕೈ ಎತ್ತಿ, “ಎಲ್ಲಾ ಸರಿ” ಅಂದ.

ಒಂದೇ ಸಲ ಎಣಿಸಿದ್ದ.